ಬೆಟ್ಟದ ದಾರಿಯ ನೀಲಿ ಹೊಗೆ

ಕಾರಿನ ಸೈಲೆನ್ಸರ್‌ನಿಂದ ಬರುವ ಹೊಗೆಗೆ ಮುಖ್ಯವಾಗಿ ಮೂರು ಬಣ್ಣ. ಕಪ್ಪಗಿದ್ದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ದಟ್ಟವಾಗಿ ಬೆಳ್ಳಗೆ ಬರುತ್ತಲೇ ಇದ್ದರೆ ರೇಡಿಯೇಟರ್ ನೀರು ಇಂಜಿನ್ನಿನೊಳಗೆ ನುಗ್ಗುತ್ತಿದೆ. ನೀಲಿಯಾಗಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಮೊದಲ ಎರಡಕ್ಕೆ ಜನ ಹೆದರುತ್ತಾರೆ. ಕಪ್ಪು ಹೊಗೆ ಬಿಟ್ಟರೆ ರಸ್ತೆಯಲ್ಲಿ ಹಿಡಿದು ನಿಲ್ಲಿಸುತ್ತಾರೆ, ಬಿಳಿ ಹೊಗೆ ಬಿಡುವ ಗಾಡಿ ಕಾಯ್ದು ತಾನೇ ನಿಲ್ಲುತ್ತದೆ. ನೀಲಿ ಹೊಗೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹನೂರು ತಾಲ್ಲೂಕಿನ ರಾಮಾಪುರದ ಕಡೆ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: "ಹಳೇ ಗಾಡಿ ಕಣಣ್ಣ, ಒಸಿ ಹೊಗೆ ಬುಡ್ತದೆ."

ಈ ಸಮಾಧಾನ ಅಪಾಯಕಾರಿ. ನೀಲಿ ಹೊಗೆ ಗಾಡಿಯ ವಯಸ್ಸಿನ ಲಕ್ಷಣವಲ್ಲ, ಇಂಜಿನ್ನಿನ ಯಾವುದೋ ಒಂದು ಭಾಗ ಸೋತಿದೆ ಎಂಬುದರ ಗುರುತು. ಕೊಳ್ಳೇಗಾಲ, ಯಳಂದೂರಿನ ಬಯಲು ರಸ್ತೆಗಳಲ್ಲಿ ಅಂಥ ಗಾಡಿಯನ್ನು ತಿಂಗಳುಗಟ್ಟಲೆ ಹೇಗೋ ಓಡಿಸಬಹುದು. ಕೌದಳ್ಳಿ ದಾಟಿ, ತಾಳುಬೆಟ್ಟದಿಂದ ಮಾದಪ್ಪನ ಬೆಟ್ಟ ಹತ್ತುವ ತಿರುವುಗಳಲ್ಲಿ ಆ ಆಟ ನಡೆಯುವುದಿಲ್ಲ. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ, ಅಮಾವಾಸ್ಯೆ ಪೂಜೆಗೆ ಈ ರಸ್ತೆಯಲ್ಲಿ ಸಾಲುಗಟ್ಟುವ ಓಮ್ನಿ, ಆಲ್ಟೊ, ಇಂಡಿಕಾ, ಸುಮೊ, ಬೊಲೆರೊಗಳಲ್ಲಿ ಎಷ್ಟೋ ಗಾಡಿಗಳು ಎರಡು ಮೂರು ಕೈ ದಾಟಿ ಬಂದಂಥವು. ಒಳಗೆ ಮನೆಮಂದಿಯೆಲ್ಲ ಕೂತಿರುತ್ತಾರೆ. ಹಿಂದೆ ಪಾದಯಾತ್ರೆಯವರು ನಡೆಯುತ್ತಿರುತ್ತಾರೆ.

ನಮ್ಮ ಕಣ್ಣು ನೀಲಿ ಹೊಗೆಗೆ ಒಗ್ಗಿಹೋದದ್ದಕ್ಕೆ ಕಾರಣವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿ ಬೈಕುಗಳು, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ಹಾಲು, ಸೊಪ್ಪು, ರೇಷ್ಮೆಗೂಡು ಹೊತ್ತು ಹಳ್ಳಿಹಳ್ಳಿ ಸುತ್ತಿದ ಟಿವಿಎಸ್ ಮೊಪೆಡ್ಡುಗಳು ಎಲ್ಲವೂ ಟೂ ಸ್ಟ್ರೋಕ್. ಪೆಟ್ರೋಲಿನ ಜೊತೆಗೇ ಆಯಿಲೂ ಉರಿಯುವುದು ಆ ಇಂಜಿನ್ನುಗಳ ರಚನೆಯಲ್ಲೇ ಇತ್ತು. ಹೊಗೆ ಬರದಿದ್ದರೆ ಆಯಿಲ್ ಹಾಕಲು ಮರೆತಿರಾ ಎಂದು ಕೇಳುವಂಥ ಕಾಲ ಅದು. ಕಾರಿನದು ಫೋರ್ ಸ್ಟ್ರೋಕ್ ಇಂಜಿನ್ನು. ಅದರಲ್ಲಿ ಆಯಿಲ್ ಕೆಳಗಿನ ಸಂಪಿನಲ್ಲಿ ಬೇರೆಯೇ ಇರುತ್ತದೆ. ಪಂಪು ಅದನ್ನು ಎತ್ತಿ ಬೇರಿಂಗು, ಪಿಸ್ಟನ್ನು, ವಾಲ್ವುಗಳಿಗೆ ಉಣಿಸಿ ಮತ್ತೆ ಸಂಪಿಗೆ ಇಳಿಸುತ್ತದೆ. ಬೆಂಕಿ ಹೊತ್ತುವ ಜಾಗಕ್ಕೆ ಅದು ಕಾಣುವಷ್ಟು ಹೋಗಕೂಡದು.

ಹೊಗೆ ನೀಲಿಯಾಗಿ ಕಾಣುವುದು ಆಯಿಲಿನ ಬಣ್ಣದಿಂದಲ್ಲ. ಸಿಲಿಂಡರಿನೊಳಗೆ ಉರಿಯುವ ಅನಿಲದ ಶಾಖ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿಗೆ ಸೋರಿದ ಆಯಿಲಿನಲ್ಲಿ ಒಂದಿಷ್ಟು ಉರಿದರೆ ಉಳಿದದ್ದು ಆವಿಯಾಗಿ ಸೈಲೆನ್ಸರ್‌ಗೆ ಹೋಗಿ, ಹೊರಗಿನ ಗಾಳಿ ತಾಗಿದೊಡನೆ ಮತ್ತೆ ಹನಿಗಟ್ಟುತ್ತದೆ. ಆ ಹನಿಗಳು ಒಂದು ಮೈಕ್ರಾನಿಗಿಂತಲೂ ಚಿಕ್ಕವು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 0.4ರಿಂದ 0.7 ಮೈಕ್ರಾನ್. ಅದಕ್ಕಿಂತ ಸಣ್ಣ ಕಣಗಳು ಕೆಂಪು ಬೆಳಕನ್ನು ದಾಟಿಹೋಗಲು ಬಿಟ್ಟು ನೀಲಿಯನ್ನು ಹೆಚ್ಚಾಗಿ ಚದುರಿಸುತ್ತವೆ. ಜಾನ್ ಟಿಂಡಾಲ್ 1860ರ ದಶಕದಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದ, 1871ರಲ್ಲಿ ಲಾರ್ಡ್ ರ‍್ಯಾಲೆ ಅದರ ಗಣಿತ ಬರೆದ. ಅಂದರೆ ಹೊಗೆಯ ಬಣ್ಣವೇ ಹನಿಯ ಗಾತ್ರವನ್ನು ಹೇಳುತ್ತಿದೆ. ನೀಲಿಯಾಗಿ ಕಾಣುವಷ್ಟು ಸಣ್ಣ ಹನಿ ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲದೆ ಪುಪ್ಪುಸದ ಕೊನೆಯ ಗಾಳಿಗೂಡುಗಳವರೆಗೂ ಇಳಿಯುತ್ತದೆ. ಈ ಮಾತಿಗೆ ಮುಂದೆ ಬರುತ್ತೇನೆ.

ಆಯಿಲ್ ಒಳಗೆ ಹೋಗುವ ದೊಡ್ಡ ದಾರಿ ಪಿಸ್ಟನ್ ರಿಂಗಿನದು. ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗು. ಮೇಲಿನ ಎರಡು ಅನಿಲದ ಒತ್ತಡ ಕೆಳಗೆ ಇಳಿಯದಂತೆ ತಡೆದರೆ ಕೆಳಗಿನದು ಗೋಡೆಯ ಮೇಲಿನ ಆಯಿಲನ್ನು ಸವರಿ ಸಂಪಿಗೆ ಇಳಿಸುತ್ತದೆ. ಸೀಳಿನ ಲೋಹದ ರಿಂಗನ್ನು ಉಗಿಯಂತ್ರಕ್ಕಾಗಿ 1850ರ ದಶಕದಲ್ಲಿ ರೂಪಿಸಿದವನು ಇಂಗ್ಲೆಂಡಿನ ಜಾನ್ ರ‍್ಯಾಮ್ಸ್‌ಬಾಟಮ್. ಇಂದಿಗೂ ಮೂಲ ಉಪಾಯ ಅದೇ. ನಮ್ಮ ರಸ್ತೆಗಳಲ್ಲಿ ಇನ್ನೂ ಓಡಾಡುವ ಮಾರುತಿ 800 ಮತ್ತು ಓಮ್ನಿಯ 796 ಸಿಸಿ ಇಂಜಿನ್ನನ್ನೇ ತೆಗೆದುಕೊಳ್ಳಿ. ಸಿಲಿಂಡರಿನ ಬೋರು 68.5 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 72 ಮಿ.ಮೀ. ನಿಮಿಷಕ್ಕೆ 3000 ಸುತ್ತಿನಲ್ಲಿ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 100 ಬಾರಿ ಗೋಡೆಯನ್ನು ಉಜ್ಜುತ್ತದೆ. ನಡುವೆ ಇರುವುದು ಕೆಲವೇ ಮೈಕ್ರಾನಿನ ಆಯಿಲ್ ಪದರ. ಆಯಿಲ್ ರಿಂಗು ಕೂರುವ ತೋಡಿನಲ್ಲಿ ಮಸಿ ಕಟ್ಟಿ ರಿಂಗು ಅಂಟಿಕೊಂಡರೆ, ರಿಂಗಿನ ಬಿಗುವು ಹೋದರೆ, ಬೋರು ಸವೆದು ಅಂಡಾಕಾರಕ್ಕೆ ತಿರುಗಿದರೆ ಆಯಿಲು ಮೇಲಕ್ಕೆ ಏರುತ್ತದೆ, ಉರಿಯುವ ಅನಿಲ ಕೆಳಕ್ಕೆ ಇಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬರುವುದು ಈ ಕೆಳಗಿಳಿದ ಅನಿಲದಿಂದ.

ಎರಡನೆಯ ದಾರಿ ಮೇಲಿನಿಂದ. ವಾಲ್ವಿನ ಕಡ್ಡಿ ಜಾರುವ ಗೈಡಿನ ತಲೆಯ ಮೇಲೆ ಬೆರಳುಗುರಿನಷ್ಟು ಚಿಕ್ಕ ರಬ್ಬರ್ ಸೀಲು ಕೂತಿರುತ್ತದೆ. ಹೆಡ್ಡಿನಲ್ಲಿ ತುಂಬಿರುವ ಆಯಿಲು ಕಡ್ಡಿಯ ಗುಂಟ ಇಳಿಯದಂತೆ ತಡೆಯುವುದು ಅದರ ಕೆಲಸ. ವರ್ಷಗಳ ಶಾಖಕ್ಕೆ ರಬ್ಬರು ಕಲ್ಲಾಗಿ ಬಿರುಕು ಬಿಡುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಹನಿಹನಿಯಾಗಿ ಆಯಿಲ್ ಇಳಿದು ವಾಲ್ವಿನ ಮೇಲೆ ಶೇಖರವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ದೊಡ್ಡ ನೀಲಿ ಮುದ್ದೆ ಬಂದು, ಅರ್ಧ ನಿಮಿಷದಲ್ಲಿ ಮಾಯವಾದರೆ ಬಹುಪಾಲು ದೋಷ ಇಲ್ಲೇ.

ಬೆಟ್ಟದ ರಸ್ತೆ ಈ ಎರಡು ದೋಷಗಳನ್ನು ಗ್ಯಾರೇಜಿಗಿಂತ ಚೆನ್ನಾಗಿ ಬೇರೆಬೇರೆ ಮಾಡಿ ತೋರಿಸುತ್ತದೆ. ಅದನ್ನು ನೋಡುವವರು ಕಡಿಮೆ. ತಾಳುಬೆಟ್ಟದಿಂದ ಹತ್ತುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ನೀಲಿ ಹೊಗೆ ಹೆಚ್ಚಾದರೆ ರಿಂಗು ಅಥವಾ ಬೋರು ಹೋಗಿದೆ. ಭಾರಕ್ಕೆ ಸಿಲಿಂಡರಿನ ಒತ್ತಡ ಏರಿದಾಗ ಸೋತ ರಿಂಗು ತಡೆದುಕೊಳ್ಳಲಾರದು. ಹತ್ತುವಾಗ ಹೊಗೆಯಿಲ್ಲದ ಪೆಟ್ರೋಲ್ ಗಾಡಿ, ಇಳಿಯುವಾಗ ಕಾಲು ಬಿಟ್ಟು ಇಂಜಿನ್ನಿನ ಹಿಡಿತದಲ್ಲೇ ಬಂದು, ತಿರುವು ಮುಗಿದ ಮೇಲೆ ಮತ್ತೆ ಆಕ್ಸಿಲರೇಟರ್ ಮುಟ್ಟಿದಾಗ ಬುಸ್ಸೆಂದು ನೀಲಿ ಕಾರಿದರೆ ದೋಷ ವಾಲ್ವ್ ಸೀಲಿನದು ಅಥವಾ ಗೈಡಿನದು. ಕಾಲು ಬಿಟ್ಟಾಗ ಥ್ರಾಟಲ್ ಮುಚ್ಚಿ, ಒಳಗಾಳಿಯ ಕೊಳವೆಯಲ್ಲಿನ ಒತ್ತಡ ಹೊರಗಿನದರ ಕಾಲು ಭಾಗದಷ್ಟಕ್ಕೆ ಇಳಿಯುತ್ತದೆ. ಆ ನಿರ್ವಾತ ಸವೆದ ಗೈಡಿನ ಸಂದಿಯಿಂದ ಆಯಿಲನ್ನು ಹೀರಿಕೊಳ್ಳುತ್ತದೆ. ಹಾಗೆಂದು ಹೊಗೆ ತಪ್ಪಿಸಲು ಯಾರಾದರೂ ನ್ಯೂಟ್ರಲ್‌ನಲ್ಲಿ ಇಳಿಯಲು ಹೊರಟರೆ ಅದು ಆತ್ಮಹತ್ಯೆಗೆ ಸಮ. ಆ ತಿರುವುಗಳಲ್ಲಿ ಗಾಡಿಯನ್ನು ಹಿಡಿಯುವುದು ಗೇರು. ಬರೀ ಬ್ರೇಕನ್ನು ನಂಬಿದರೆ ಅದು ಕಾಯ್ದು ಕೈ ಕೊಡುತ್ತದೆ.

ಅಗ್ಗದ ಕಾರಣಗಳೂ ಇವೆ. ಸಂಪಿನ ಅನಿಲವನ್ನು ಹೊರತೆಗೆಯುವ ಪಿಸಿವಿ ವಾಲ್ವು ಮಸಿಯಿಂದ ಕಟ್ಟಿಕೊಂಡರೆ, ಆಯಿಲನ್ನು ಮೇಲಿನ ಗೀಟು ದಾಟಿ ತುಂಬಿದರೆ, ಹೆಡ್ ಗ್ಯಾಸ್ಕೆಟ್ ಆಯಿಲ್ ರಂಧ್ರದ ಬಳಿ ಸುಟ್ಟರೆ, ಇಂಜಿನ್ನಿಗೆ ಒಗ್ಗದ ತೆಳು ಆಯಿಲ್ ಹಾಕಿದರೆ ಕೂಡ ನೀಲಿ ಹೊಗೆ ಬರುತ್ತದೆ. ಇವನ್ನು ನೋಡದೆ ನೇರವಾಗಿ "ಇಂಜಿನ್ ಕೆಲಸ ಮಾಡಿಸಬೇಕು" ಎನ್ನುವ ಮಾತನ್ನು ಒಪ್ಪಬೇಡಿ.

ನಮ್ಮ ಭಾಗದಲ್ಲಿ ಇಂಜಿನ್ನು ಬೇಗ ಸೋಲುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ದೂಳು. ಕಲ್ಲು ಕ್ವಾರಿಗಳ ದಾರಿ, ಡಾಂಬರು ಕಿತ್ತ ಒಳರಸ್ತೆ, ಹೊಲದ ಬದಿಯ ಮಣ್ಣುದಾರಿ. ಈ ದೂಳಿನಲ್ಲಿರುವ ಸಿಲಿಕಾ ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಗಟ್ಟಿ. ಏರ್ ಫಿಲ್ಟರ್ ಹರಿದಿದ್ದರೆ, ಅಥವಾ "ಪಿಕಪ್ ಬರಲಿ" ಎಂದು ಅದನ್ನು ಕಿತ್ತೇ ಹಾಕಿದ್ದರೆ, ಒಳಹೋದ ಕಣ ರಿಂಗಿಗೂ ಬೋರಿಗೂ ನಡುವೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಎರಡನೆಯದು ಕಾವು. ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬುವುದು ಇಲ್ಲಿ ಮಾಮೂಲು. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟುತ್ತದೆ. ಐದು ಜನರ ಗಾಡಿಯಲ್ಲಿ ಒಂಬತ್ತು ಜನ ಕೂತು ಕೆಳಗಿನ ಗೇರಿನಲ್ಲಿ ಬೆಟ್ಟ ಹತ್ತುವಾಗ ಇಂಜಿನ್ನು ಕಾಯುತ್ತದೆ. ಆ ಒಂದು ಕಾವು ರಿಂಗಿನ ಬಿಗುವನ್ನೂ ವಾಲ್ವ್ ಸೀಲಿನ ಮೆತುವನ್ನೂ ಒಟ್ಟಿಗೇ ಕೆಡಿಸಬಲ್ಲದು. ಅಲ್ಲಿಂದ ಮುಂದೆ ಹೊಗೆ ಶುರು. ಆಯಿಲ್ ಬದಲಿಸುವುದನ್ನು ಮುಂದಕ್ಕೆ ತಳ್ಳುವುದು, ಯಾವುದೆಂದು ಗೊತ್ತಿಲ್ಲದ ಲೂಸ್ ಆಯಿಲ್ ಹಾಕುವುದು ಇದಕ್ಕೆ ಸೇರಿಕೊಳ್ಳುತ್ತವೆ.

ಈಗ ಮುಂದಾಗುವ ಹಾನಿಯ ಲೆಕ್ಕ. ಸುಸ್ಥಿತಿಯ ಇಂಜಿನ್ನೂ ಅಷ್ಟಿಷ್ಟು ಆಯಿಲ್ ಕಳೆದುಕೊಳ್ಳುತ್ತದೆ, 1000 ಕಿ.ಮೀ.ಗೆ ಒಂದು ಲೀಟರ್ ಮುಟ್ಟಿದರೆ ಅದು ಸಹಿಸಬಹುದಾದ ಕೊನೆಯ ಗಡಿ ಎನ್ನಬಹುದು. ಕಣ್ಣಿಗೆ ರಾಚುವಂತೆ ನೀಲಿ ಹೊಗೆ ಬಿಡುವ ಗಾಡಿ ಆ ಗಡಿಯನ್ನು ದಾಟಿರುವ ಸಂಭವವೇ ಹೆಚ್ಚು. 300 ಕಿ.ಮೀ.ಗೆ ಒಂದು ಲೀಟರ್ ಕುಡಿಯುವ ಗಾಡಿ ಎಂದುಕೊಳ್ಳಿ. ಮೈಸೂರಿನಿಂದ ಮಾದಪ್ಪನ ಬೆಟ್ಟಕ್ಕೆ ಸುಮಾರು 150 ಕಿ.ಮೀ.; ಹೋಗಿ ಬರುವಷ್ಟರಲ್ಲಿ ಒಂದು ಲೀಟರ್ ಖಾಲಿ. ಡಿಪ್‌ಸ್ಟಿಕ್ಕಿನ ಮೇಲಿನ ಗೀಟಿಗೂ ಕೆಳಗಿನ ಗೀಟಿಗೂ ಇರುವ ಅಂತರ ಹೆಚ್ಚಿನ ಸಣ್ಣ ಕಾರುಗಳಲ್ಲಿ ಸರಿಸುಮಾರು ಅಷ್ಟೇ. ಮಾರುತಿ 800ರಂಥ ಗಾಡಿ ಹಿಡಿಯುವುದೇ ಸುಮಾರು 3 ಲೀಟರ್. ಕೆಳಗಿನ ಗೀಟಿನಲ್ಲಿ ಹೊರಟರೆ ವಾಪಸಾಗುವಾಗ ಸಂಪಿನಲ್ಲಿ ಉಳಿಯುವುದು ಒಂದು ಲೀಟರ್. ಕಡಿದಾದ ಏರಿನಲ್ಲಿ, ಹೇರ್‌ಪಿನ್ ತಿರುವಿನಲ್ಲಿ ಆ ಒಂದು ಲೀಟರೂ ಒಂದು ಮೂಲೆಗೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ.

"ಆಯಿಲ್ ಕಮ್ಮಿಯಾದರೆ ಕೆಂಪು ದೀಪ ಹತ್ತುತ್ತದಲ್ಲ" ಎಂದು ನಂಬಿದವರು ಬಹಳ. ಹೆಚ್ಚಿನ ಹಳೇ ಕಾರುಗಳಲ್ಲಿ ಆ ದೀಪ ಆಯಿಲಿನ ಮಟ್ಟವನ್ನು ನೋಡುವುದೇ ಇಲ್ಲ, ಒತ್ತಡವನ್ನು ನೋಡುತ್ತದೆ. ಒತ್ತಡ ತೀರಾ ಕೆಳಗೆ ಬಿದ್ದ ಮೇಲೆ, ಅಂದರೆ ಬೇರಿಂಗುಗಳು ಆಗಲೇ ಒಣಗಿ ಉಜ್ಜುತ್ತಿರುವಾಗ ಅದು ಹತ್ತುತ್ತದೆ. ಅಲ್ಲಿಂದ ಇಂಜಿನ್ ಜಾಮ್ ಆಗಲು ಹೆಚ್ಚು ಹೊತ್ತು ಬೇಕಿಲ್ಲ. ನೇರ ರಸ್ತೆಯಲ್ಲಿ ಅದು ಖರ್ಚಿನ ವಿಷಯ. ಇಳಿಜಾರಿನ ತಿರುವಿನಲ್ಲಿ ಇಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ. ಒಂದು ಕಡೆ ಬಂಡೆ, ಒಂದು ಕಡೆ ಕಮರಿ, ಹಿಂದೆ ಬಸ್ಸು.

ಟರ್ಬೊ ಇರುವ ಡೀಸೆಲ್ ಗಾಡಿಯಲ್ಲಿ ಇನ್ನೊಂದು ಅಪಾಯ ಸೇರುತ್ತದೆ. ಟರ್ಬೊದ ದಂಡ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ. ಅದನ್ನು ಕಾಪಾಡುವುದು, ತಂಪಾಗಿಡುವುದು ಇಂಜಿನ್ ಆಯಿಲ್ಲೇ. ಬೆಟ್ಟ ಹತ್ತಿ ಮೇಲಿನ ಪಾರ್ಕಿಂಗಿಗೆ ಬಂದವರೇ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದರೆ ಆಯಿಲ್ ಹರಿವು ನಿಂತು, ಕಾದ ಟರ್ಬೊದೊಳಗೆ ಉಳಿದ ಆಯಿಲು ಸುಟ್ಟು ಕರಿಕಟ್ಟುತ್ತದೆ. ಸೀಲು, ಬೇರಿಂಗು ಕೆಡುವ ಸಾಮಾನ್ಯ ದಾರಿ ಇದು. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡುವುದಕ್ಕೆ ಯಾವ ಖರ್ಚೂ ಇಲ್ಲ. ಸೀಲು ಪೂರ್ತಿ ಸೋತು ಆಯಿಲ್ ಧಾರಾಳವಾಗಿ ಒಳಗಾಳಿಗೆ ಸೇರಿದರೆ ಡೀಸೆಲ್ ಇಂಜಿನ್ನು ತನ್ನ ಆಯಿಲನ್ನೇ ಇಂಧನ ಮಾಡಿಕೊಂಡು ಓಡತೊಡಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಸದ್ದು ಏರುತ್ತಲೇ ಹೋಗುತ್ತದೆ, ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಆಗ ಗಾಡಿಯನ್ನು ನಿಲ್ಲಿಸಿ, ಬ್ರೇಕನ್ನು ಬಲವಾಗಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಇಂಜಿನ್ನನ್ನು ಉಸಿರುಗಟ್ಟಿಸಬೇಕು. ಬಾನೆಟ್ ತೆಗೆದು ಮೇಲೆ ಬಗ್ಗಬಾರದು, ಇಂಜಿನ್ನು ಸಿಡಿಯಬಹುದು. ಒಂದು ಎಚ್ಚರ: ಚಳಿಯ ಬೆಳಿಗ್ಗೆ ಡೀಸೆಲ್ ಗಾಡಿ ಸ್ವಲ್ಪ ಹೊತ್ತು ಬಿಡುವ ನೀಲಿಬಿಳಿ ಹೊಗೆ ಉರಿಯದ ಡೀಸೆಲಿನದೂ ಆಗಿರಬಹುದು. ಬಿಸಿಯಾದ ಮೇಲೂ ಉಳಿದರೆ ಮಾತ್ರ ಆಯಿಲ್ ಎಂದು ತಿಳಿಯಬೇಕು.

ಗಾಡಿಯ ಹೊರಗಿನವರ ಮಾತಿಗೆ ಬರೋಣ. 1000 ಕಿ.ಮೀ.ಗೆ ಒಂದು ಲೀಟರ್ ಎಂದರೆ ಕಿಲೋಮೀಟರಿಗೆ ಒಂದು ಮಿಲಿಲೀಟರ್, ತೂಕದಲ್ಲಿ ಸುಮಾರು 870 ಮಿಲಿಗ್ರಾಂ ಆಯಿಲ್. ಅದರ ಹತ್ತರಲ್ಲೊಂದು ಪಾಲು ಮಾತ್ರ ಹನಿಯಾಗಿ ಹೊರಬಂದಿತು ಎಂದುಕೊಂಡರೂ 87 ಮಿಲಿಗ್ರಾಂ. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ನಿಯಮ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 4.5 ಮಿಲಿಗ್ರಾಂ ಕಣಗಳನ್ನು ಮಾತ್ರ ಬಿಡಲು ಒಪ್ಪುತ್ತದೆ. ಈ ಅಂದಾಜಿನಲ್ಲಿ ಒಂದು ನೀಲಿ ಹೊಗೆಯ ಗಾಡಿ ಆ ಮಿತಿಯಲ್ಲಿರುವ ಹತ್ತೊಂಬತ್ತು ಹೊಸ ಗಾಡಿಗಳಿಗೆ ಸಮ. ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ ತಂಡ ರಸ್ತೆಬದಿಯಲ್ಲಿ ನಿಂತೇ ಹೊಗೆ ಅಳೆಯುವ ಉಪಕರಣದಿಂದ ಕಂಡುಕೊಂಡದ್ದೂ ಇದೇ ತೆರನದು: ಸುಮಾರು ಶೇ 10ರಷ್ಟು ಕಾರುಗಳಿಂದಲೇ ಅರ್ಧದಷ್ಟು ಕಾರ್ಬನ್ ಮಾನಾಕ್ಸೈಡ್ ಬರುತ್ತಿತ್ತು.

ಬಳಸಿದ ಇಂಜಿನ್ ಆಯಿಲಿನಲ್ಲಿ ಬೆಂಜೊಪೈರೀನ್ ಜಾತಿಯ, ಹಲವು ಉಂಗುರಗಳ ಹೈಡ್ರೋಕಾರ್ಬನ್ನುಗಳು ಶೇಖರವಾಗಿರುತ್ತವೆ. ಬೆಂಜೊ-ಎ-ಪೈರೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತೀರ್ಮಾನ. ಡೀಸೆಲ್ ಹೊಗೆಯನ್ನೂ ಅದು 2012ರಲ್ಲಿ ಅದೇ ಮೊದಲ ಗುಂಪಿಗೆ ಸೇರಿಸಿತು. ಇನ್ನು ಉಸಿರಿನ ಲೆಕ್ಕ ನೋಡಿ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಏರು ಹತ್ತುವಾಗ ಅದು ನಲವತ್ತು, ಐವತ್ತು ಲೀಟರಿಗೆ ಏರುತ್ತದೆ, ಉಸಿರು ಬಾಯಿಯಿಂದ ನಡೆಯುತ್ತದೆ. ಹರಕೆ ಹೊತ್ತು ತಾಳುಬೆಟ್ಟದಿಂದ ನಡೆದು ಹತ್ತುವ ಹೆಂಗಸರು, ಮಕ್ಕಳು, ಮುದುಕರು ಇದೇ ರಸ್ತೆಯ ಅಂಚಿನಲ್ಲಿ, ಗಾಡಿ ಅತಿ ಹೆಚ್ಚು ಹೊಗೆ ಉಗುಳುವ ಏರಿನಲ್ಲಿ, ಅತಿ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತಿರುತ್ತಾರೆ. ನನ್ನನ್ನು ಎಲ್ಲಕ್ಕಿಂತ ಕಾಡುವುದು ಇದೇ.

ಬಿಎಸ್-2ರ ನಂತರದ ಪೆಟ್ರೋಲ್ ಕಾರುಗಳಲ್ಲಿ ವಿಷಾನಿಲವನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಆಯಿಲಿಗೆ ಸವೆತ ತಡೆಯಲು ಬೆರೆಸುವ ಸತು ಮತ್ತು ರಂಜಕ ಅದರ ಮೇಲೆ ಗಾಜಿನಂತೆ ಕೂತು ಅದನ್ನು ನಿಷ್ಕ್ರಿಯ ಮಾಡುತ್ತವೆ. ಇದು ಎಷ್ಟು ನಿಜವೆಂದರೆ 2004ರ ಜಿಎಫ್-4 ಆಯಿಲ್ ಮಾನದಂಡವು ರಂಜಕವನ್ನು ಶೇ 0.08ಕ್ಕೆ ಮಿತಿಗೊಳಿಸಿತು. ಆರೋಗ್ಯವಂತ ಇಂಜಿನ್ನು ಕಳೆದುಕೊಳ್ಳುವ ಅಷ್ಟಿಷ್ಟು ಆಯಿಲಿಗೇ ಆ ಎಚ್ಚರಿಕೆ. ಮೇಲಾಗಿ ಅರೆಬೆಂದ ಆಯಿಲು, ಪೆಟ್ರೋಲು ಅದರಲ್ಲಿ ಉರಿದರೆ ಕನ್ವರ್ಟರ್ ವಿಪರೀತ ಕಾಯುತ್ತದೆ. ಶಿವರಾತ್ರಿ, ಯುಗಾದಿಗಳು ಬರುವುದು ಬೆಟ್ಟದ ಸುತ್ತಲಿನ ಕಾಡು ಒಣಗಿರುವಾಗ. 2013ರಲ್ಲಿ ವನ್ಯಧಾಮವಾಗಿ ಘೋಷಿತವಾದ, 900 ಚದರ ಕಿ.ಮೀ. ಮೀರಿದ ಆ ಕಾಡಿನ ಅಂಚಿನ ಒಣಹುಲ್ಲಿನ ಮೇಲೆ ಇಂಥ ಗಾಡಿಯನ್ನು ನಿಲ್ಲಿಸಿ ನೆರಳಿಗೆ ಕೂರುವುದು ಬೆಂಕಿಗೆ ಕರೆ ಕೊಟ್ಟಂತೆಯೇ.

ಇಷ್ಟಾದರೂ ಆ ಗಾಡಿಯ ಬಳಿ ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇರುತ್ತದೆ, ಮೋಸದಿಂದಲ್ಲದೆಯೂ ಇರಬಹುದು. ಪೆಟ್ರೋಲ್ ಗಾಡಿಗೆ ಆ ಪರೀಕ್ಷೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅನಿಲವನ್ನು ಅಳೆಯುತ್ತದೆ, ಅದೂ ನಿಂತಲ್ಲೇ, ಭಾರವಿಲ್ಲದೆ. ಆಯಿಲಿನ ಹನಿಗಳನ್ನು ಅಳೆಯುವುದೇ ಇಲ್ಲ. ರಿಂಗ್ ಹೋದ ಗಾಡಿ ಐಡಲ್‌ನಲ್ಲಿ ಸೌಮ್ಯವಾಗಿ ನಿಂತು ಪಾಸಾಗಿ, ಮೊದಲ ಏರಿನಲ್ಲಿ ನೀಲಿ ಕಾರುತ್ತದೆ. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲೂ ಇದೇ ಕಣ್ಕಟ್ಟು ನಡೆಯುತ್ತದೆ: ದಪ್ಪ ಆಯಿಲ್ ಅಥವಾ ದಪ್ಪ ಮಾಡುವ ಡಬ್ಬಿ ಸುರಿದರೆ ಕೆಲವು ದಿನ ಹೊಗೆ ಅಡಗುತ್ತದೆ. ಗಾಡಿ ಕೊಳ್ಳುವವರು ಮುಂಚೆಯೇ ಸ್ಟಾರ್ಟ್ ಮಾಡಿಟ್ಟ ಇಂಜಿನ್ನನ್ನು ನೋಡಿ ಒಪ್ಪಬಾರದು. ತಣ್ಣಗಿರುವಾಗ ತಾವೇ ಸ್ಟಾರ್ಟ್ ಮಾಡಿ, ಒಂದು ಏರು ಹತ್ತಿಸಿ, ಹಿಂದಿನಿಂದ ಒಬ್ಬರು ನೋಡಬೇಕು.

ಈಗಾಗಲೇ ಇಂಥ ಗಾಡಿ ಇಟ್ಟುಕೊಂಡವರು ಮಟ್ಟಸ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ, ಮೀಟರಿನ ಕಿಲೋಮೀಟರ್ ಬರೆದಿಟ್ಟು, 500 ಕಿ.ಮೀ. ಆದ ಮೇಲೆ ಮತ್ತೆ ಅಳೆಯಲಿ. ಗ್ಯಾರೇಜಿನಲ್ಲಿ ಕಂಪ್ರೆಶನ್ ಪರೀಕ್ಷೆ ಕೇಳಿ ಮಾಡಿಸಲಿ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗು ಸೋತಿದೆ. ಏರದಿದ್ದರೆ ದೋಷ ವಾಲ್ವಿನ ಕಡೆ. ಒತ್ತಡ ಎಲ್ಲ ಸರಿಯಿದ್ದೂ ಬೆಳಗಿನ ಹೊಗೆ ಬರುತ್ತಿದ್ದರೆ ಸೀಲು. ಸೀಲಿನ ಬೆಲೆ ಕಡಿಮೆ. ಅದನ್ನು ಬಿಟ್ಟು ಆಯಿಲ್ ಸುರಿಯುತ್ತಾ ಹೋದರೆ ಮಸಿ ರಿಂಗಿಗೆ ಕಟ್ಟಿ, ಕೆಲಸ ರೀಬೋರಿನವರೆಗೆ ಬೆಳೆಯುತ್ತದೆ.

ಸರ್ಕಾರದ ಕಡೆಯಿಂದ ಆಗಬೇಕಾದದ್ದು ದೊಡ್ಡದಲ್ಲ. ಜಾತ್ರೆಯ ದಿನಗಳಲ್ಲಿ ತಾಳುಬೆಟ್ಟದಿಂದ ಮೇಲಿನ ಮೊದಲ ಏರಿನಲ್ಲಿ, ಗಾಡಿ ಭಾರ ಎಳೆಯುವ ಜಾಗದಲ್ಲಿ, ಸಾರಿಗೆ ಇಲಾಖೆಯ ಇಬ್ಬರು ನಿಂತು ಬರಿಗಣ್ಣಿನಿಂದ ನೋಡಿದರೂ ಸಾಕು. ನೀಲಿ ಹೊಗೆ ಗುರುತಿಸಲು ಯಂತ್ರ ಬೇಡ. ಹಾಗೆ ಸಿಕ್ಕ ಗಾಡಿಯನ್ನು ಬದಿಗೆ ನಿಲ್ಲಿಸಿ, ಡಿಪ್‌ಸ್ಟಿಕ್ ಎಳೆದು ನೋಡಿ, ಒಳಗಿದ್ದವರನ್ನು ಬಸ್ಸು ಹತ್ತಿಸಿ ಬೆಟ್ಟಕ್ಕೆ ಕಳಿಸಲಿ. ಚಾಮರಾಜನಗರದ ಆರ್‌ಟಿಒ ಕಚೇರಿ ಮತ್ತು ಕ್ಷೇತ್ರದ ಅಭಿವೃದ್ಧಿ ಪ್ರಾಧಿಕಾರ ಮನಸ್ಸು ಮಾಡಿದರೆ ಮುಂದಿನ ಶಿವರಾತ್ರಿಯಿಂದಲೇ ಇದನ್ನು ಶುರು ಮಾಡಬಹುದು.